ರಾಗಿಗೂ ಭತ್ತಕ್ಕೂ ಕುಲವೊಂದೇ

ಕನಕದಾಸರ ‘ರಾಮಧಾನ್ಯ ಚರಿತೆ’ಯಲ್ಲಿ ಎರಡು ಧಾನ್ಯಗಳು ಜಗಳಕ್ಕೆ ನಿಲ್ಲುತ್ತವೆ. ಒಂದು ಭತ್ತ, ಇನ್ನೊಂದು ನರೆದಲೆಗ, ಅಂದರೆ ರಾಗಿ. ಲಂಕೆಯಿಂದ ಹಿಂದಿರುಗುವ ರಾಮನ ಎದುರಿಗೇ ಜಗಳ. ಭತ್ತ ತನ್ನ ಕುಲದ ಹಿರಿಮೆಯನ್ನು ಹೇಳಿಕೊಂಡು ರಾಗಿಯನ್ನು ಹೀನಕುಲದ್ದೆಂದು ಜರೆಯುತ್ತದೆ. ರಾಗಿಯೂ ಸುಮ್ಮನಿರುವುದಿಲ್ಲ, ಬರಗಾಲದಲ್ಲಿ ಬಡವರನ್ನು ಬದುಕಿಸುವವರು ಯಾರೆಂದು ಕೇಳುತ್ತದೆ. ಮಾತು ಬಗೆಹರಿಯದಾಗ ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಅವಧಿ ಮುಗಿದು ಹೊರಗೆ ತಂದಾಗ ಭತ್ತ ಸೊರಗಿ ಹೋಗಿರುತ್ತದೆ, ರಾಗಿ ಇದ್ದಂತೆಯೇ ಇರುತ್ತದೆ. ಗೆಲುವು ರಾಗಿಯದು.

ಧಾನ್ಯಗಳ ಬಾಯಲ್ಲಿ ಕವಿ ಆಡಿಸಿದ್ದು ಮನುಷ್ಯರ ಮಾತು ಎಂಬುದನ್ನು ಓದಿದವರೆಲ್ಲ ಬಲ್ಲರು. ಆದರೆ ಕುಲದ ಪ್ರಶ್ನೆಯನ್ನು ಅಕ್ಷರಶಃ ತೆಗೆದುಕೊಂಡು, ಸಸ್ಯವಿಜ್ಞಾನಿಯ ಮುಂದಿಟ್ಟರೆ ಏನಾಗುತ್ತದೆ? ಉತ್ತರ ಸರಳ. ಭತ್ತ ಮತ್ತು ರಾಗಿ ಒಂದೇ ಕುಟುಂಬದ ದಾಯಾದಿಗಳು. ಎರಡೂ ಹುಲ್ಲು. ಗೋಧಿ, ಜೋಳ, ಸಜ್ಜೆ, ನವಣೆ, ಮುಸುಕಿನ ಜೋಳ, ಕಬ್ಬು, ಬಿದಿರು, ಅಂಗಳದ ಗರಿಕೆ ಎಲ್ಲವೂ ಅದೇ ಮನೆಯವು. ಸುಮಾರು 12 ಸಾವಿರ ಪ್ರಭೇದಗಳಿರುವ ಈ ಕುಟುಂಬ ಹೂ ಬಿಡುವ ಸಸ್ಯಗಳಲ್ಲಿ ಐದನೆಯ ದೊಡ್ಡದು. ಮನುಷ್ಯಕುಲ ಹೊಟ್ಟೆ ತುಂಬಿಸಿಕೊಳ್ಳುವ ಆಹಾರದ ಶಕ್ತಿಯಲ್ಲಿ ಸರಿಸುಮಾರು ಅರ್ಧ ಪಾಲು ಈ ಕುಟುಂಬದ ಕಾಳುಗಳಿಂದಲೇ ಬರುತ್ತದೆ.

ಕಾಳು ಬರಬೇಕಾದರೆ ಹೂ ಬರಬೇಕು. ವಿಚಿತ್ರವೆಂದರೆ, ಹುಲ್ಲಿನ ಹೂವನ್ನು ನೋಡಿದವರು ಬಹಳ ಕಡಿಮೆ.

ಒಂದು ಗಂಟೆಯ ಹೂವು

ಗದ್ದೆಯಲ್ಲಿ ತೆನೆ ಹೊರಬಂದ ಹೊಸದರಲ್ಲಿ, ಬೆಳಗಿನ ಒಂಬತ್ತು ಗಂಟೆಯಿಂದ ಮಧ್ಯಾಹ್ನದೊಳಗೆ ಭತ್ತದ ಗಿಡವನ್ನು ಹತ್ತಿರದಿಂದ ನೋಡಬೇಕು. ಮುಂದೆ ಕಾಳಾಗುವ ಹಸಿರು ಸಿಪ್ಪೆಯ ಜೋಡಿಗಳಲ್ಲಿ ಕೆಲವು ಬಾಯಿ ತೆರೆದಿರುತ್ತವೆ. ಒಳಗಿನಿಂದ ತೆಳುವಾದ ದಾರಗಳ ತುದಿಯಲ್ಲಿ ಆರು ಪರಾಗಕೋಶಗಳು ಹೊರಗೆ ಜೋತುಬಿದ್ದಿರುತ್ತವೆ. ಪಕ್ಕದಲ್ಲಿ ಹಕ್ಕಿಯ ಪುಕ್ಕದಂತಹ ಎರಡು ಪುಟ್ಟ ಕುಂಚಗಳು. ಪರಾಗವನ್ನು ಹಿಡಿಯುವ ಶಲಾಕಾಗ್ರಗಳು ಅವು. ಇಷ್ಟೇ ಭತ್ತದ ಹೂವು. ಬಣ್ಣದ ದಳವಿಲ್ಲ, ಜೇನಿಲ್ಲ, ಸುಗಂಧದ ಆಡಂಬರವಿಲ್ಲ. ಅಕ್ಕಿ ಮಾಡುವಾಗ ಉಮಿಯೆಂದು ಬೇರೆಯಾಗುವ ಆ ಎರಡು ಸಿಪ್ಪೆಗಳೇ ಹೂವಿನ ಬಾಗಿಲು.

ಬಾಗಿಲನ್ನು ತೆರೆಯುವವರು ಯಾರು? ಸಿಪ್ಪೆಯ ಬುಡದಲ್ಲಿ, ಅಂಡಾಶಯಕ್ಕೆ ಒತ್ತಿಕೊಂಡಂತೆ ಎರಡು ಸಣ್ಣ ಮಾಂಸಲ ಗುಬುಟುಗಳಿವೆ. ಸಸ್ಯಶಾಸ್ತ್ರ ಅವನ್ನು ಲಾಡಿಕ್ಯೂಲ್ ಎನ್ನುತ್ತದೆ. ಸಮಯ ಬಂದಾಗ ಅವು ನೀರು ಹೀರಿ ಉಬ್ಬುತ್ತವೆ. ಉಬ್ಬಿದ ರಭಸಕ್ಕೆ ಹೊರಸಿಪ್ಪೆ ಪಕ್ಕಕ್ಕೆ ಸರಿಯುತ್ತದೆ. ಕೇಸರಗಳು ಸರಸರನೆ ಉದ್ದವಾಗಿ ಹೊರಬರುತ್ತವೆ. ಪರಾಗಕೋಶ ಬಿರಿದು ಪುಡಿ ಉದುರುತ್ತದೆ. ಸುಮಾರು ಒಂದು ಗಂಟೆಯೊಳಗೆ ಗುಬುಟುಗಳು ನೀರು ಕಳೆದುಕೊಂಡು ಕುಗ್ಗುತ್ತವೆ, ಬಾಗಿಲು ಮುಚ್ಚಿಕೊಳ್ಳುತ್ತದೆ. ಆ ಹೂವು ಮತ್ತೆಂದೂ ತೆರೆಯುವುದಿಲ್ಲ. ಹೊರಗೆ ಉದುರಿದ ಭತ್ತದ ಪರಾಗಕ್ಕೆ ಕೆಲವೇ ನಿಮಿಷಗಳ ಆಯಸ್ಸು. ಬಹುಪಾಲು ಹೂಗಳಲ್ಲಿ ಸ್ವಂತ ಪರಾಗವೇ ಸ್ವಂತ ಶಲಾಕಾಗ್ರಕ್ಕೆ ಬಿದ್ದು ಕೆಲಸ ಮುಗಿದಿರುತ್ತದೆ. ಬಿದ್ದರೆ ಕಾಳು, ಬೀಳದಿದ್ದರೆ ಜೊಳ್ಳು.

ರಾಗಿಯ ಹೂವು ಇನ್ನೂ ಗುಟ್ಟಿನದು. ಬೆರಳುಗಳಂತೆ ಹರಡಿದ ತೆನೆಯ ಒಂದೊಂದು ಕವಲಿನಲ್ಲೂ ಎರಡು ಸಾಲಾಗಿ ಹೂಗೊಂಚಲುಗಳು ಒತ್ತೊತ್ತಾಗಿ ಕೂತಿರುತ್ತವೆ. ಒಂದೊಂದು ಕಿರುಗೊಂಚಲಲ್ಲೂ ನಾಲ್ಕಾರು ಹೂಗಳು. ಕೇಸರ ಮೂರೇ. ಅದು ಅರಳುವುದು ನಡುರಾತ್ರಿ ಕಳೆದ ಮೇಲೆ, ಬೆಳಕು ಹರಿಯುವುದರೊಳಗೆ. ಜೀವಮಾನವಿಡೀ ರಾಗಿ ಬೆಳೆದ ರೈತನೂ ಅದರ ಹೂ ಅರಳುವುದನ್ನು ಕಾಣದೆ ಇರಬಹುದು. ಅವನು ಹೊಲಕ್ಕೆ ಬರುವ ಹೊತ್ತಿಗೆ ಆ ದಿನದ ಮದುವೆ ಮುಗಿದಿರುತ್ತದೆ.

ಎಸಳುಗಳು ಎಲ್ಲಿ ಹೋದವು?

ಹುಲ್ಲುಗಳು ಏಕದಳ ಸಸ್ಯಗಳು. ಆ ಗುಂಪಿನ ಹೂಗಳ ಮೂಲ ಲೆಕ್ಕ ಮೂರರದು. ಲಿಲ್ಲಿಯ ಹೂವನ್ನು ನೋಡಿದರೆ ಹೊರಗೆ ಮೂರು ಎಸಳು, ಒಳಗೆ ಮೂರು ಎಸಳು, ಮೂರು ಮೂರರ ಎರಡು ಸುತ್ತಿನಲ್ಲಿ ಆರು ಕೇಸರ, ನಡುವೆ ಮೂರು ಭಾಗದ ಅಂಡಾಶಯ. ಈ ಲೆಕ್ಕವನ್ನು ಹುಲ್ಲಿಗೆ ಹಚ್ಚಿದರೆ ತಾಳೆಯಾಗುವುದು ಎಲ್ಲಿ? ಭತ್ತದಲ್ಲಿ ಆರು ಕೇಸರಗಳು ಉಳಿದಿವೆ. ರಾಗಿ, ಗೋಧಿ, ಜೋಳಗಳಲ್ಲಿ ಒಂದು ಸುತ್ತು ಅಳಿದು ಮೂರೇ ಉಳಿದಿವೆ. ಎಸಳುಗಳ ಸುಳಿವೇ ಇಲ್ಲ.

19ನೇ ಶತಮಾನದ ಆರಂಭದಲ್ಲಿ ಬ್ರಿಟನ್ನಿನ ಸಸ್ಯವಿಜ್ಞಾನಿ ರಾಬರ್ಟ್ ಬ್ರೌನ್ ಒಂದು ಊಹೆ ಮಾಡಿದ. ನೀರಿನಲ್ಲಿ ಸೂಕ್ಷ್ಮ ಕಣಗಳು ಕುಣಿಯುವ ‘ಬ್ರೌನ್ ಚಲನೆ’ಗೆ ಹೆಸರು ಕೊಟ್ಟವನೂ ಇವನೇ. ಬಾಗಿಲು ತೆರೆಯುವ ಆ ಗುಬುಟುಗಳೇ ಒಳಸುತ್ತಿನ ಎಸಳುಗಳ ಅವಶೇಷ, ಒಳಸಿಪ್ಪೆಯು ಹೊರಸುತ್ತಿನ ಎರಡು ಎಸಳುಗಳು ಬೆಸೆದುಕೊಂಡು ಆದದ್ದು ಎಂಬುದು ಅವನ ವಾದ. ಬಿದಿರಿನ ಹೂವು ಇದಕ್ಕೆ ಬೆಂಬಲ ಕೊಡುವಂತಿತ್ತು. ಅನೇಕ ಬಿದಿರುಗಳಲ್ಲಿ ಗುಬುಟುಗಳು ಎರಡಲ್ಲ, ಮೂರು, ಕೇಸರಗಳು ಆರು. ಆದರೂ ನೋಟದಿಂದ ಮಾತ್ರ ವಿಷಯ ತೀರ್ಮಾನವಾಗಲಿಲ್ಲ. ಅವು ಎಸಳೋ, ಎಲೆಯ ತುಣುಕೋ ಎಂಬ ಚರ್ಚೆ ಸುಮಾರು ಎರಡು ನೂರು ವರ್ಷ ನಡೆಯಿತು.

ತೀರ್ಪು ಬಂದದ್ದು ವಂಶವಾಹಿಗಳಿಂದ. 1991ರಲ್ಲಿ ಎನ್ರಿಕೊ ಕೋಯೆನ್ ಮತ್ತು ಎಲಿಯಟ್ ಮೆಯೆರೊವಿಟ್ಜ್ ಹೂವಿನ ಭಾಗಗಳನ್ನು ನಿರ್ಧರಿಸುವ ವಂಶವಾಹಿಗಳನ್ನು ಎ, ಬಿ, ಸಿ ಎಂಬ ಮೂರು ಬಗೆಗಳಾಗಿ ವಿಂಗಡಿಸಿ ಸರಳ ಸೂತ್ರವೊಂದನ್ನು ಮುಂದಿಟ್ಟರು. ಎ ಬಗೆಯದು ಒಂದೇ ಕೆಲಸ ಮಾಡಿದಲ್ಲಿ ಪುಷ್ಪಪಾತ್ರೆಯ ದಳ. ಎ ಮತ್ತು ಬಿ ಕೂಡಿದಲ್ಲಿ ಬಣ್ಣದ ಎಸಳು. ಬಿ ಮತ್ತು ಸಿ ಕೂಡಿದಲ್ಲಿ ಕೇಸರ. ಸಿ ಒಂದೇ ಇದ್ದಲ್ಲಿ ಅಂಡಾಶಯ. ಸಾಸಿವೆಯ ಸಂಬಂಧಿಯಾದ ಅರಾಬಿಡಾಪ್ಸಿಸ್ ಎಂಬ ಸಣ್ಣ ಕಳೆಗಿಡ ಮತ್ತು ಉದ್ಯಾನದ ಸ್ನಾಪ್‌ಡ್ರಾಗನ್ ಹೂವಿನ ಅಧ್ಯಯನದಿಂದ ಹೊರಟ ಸೂತ್ರವಿದು. ಎರಡೂ ಹುಲ್ಲಿಗೆ ಬಹುದೂರದವು.

ಹಾಗಾದರೆ ಹುಲ್ಲಿನಲ್ಲಿ ಬಿ ಬಗೆಯ ವಂಶವಾಹಿ ಕೆಟ್ಟರೆ ಏನಾಗಬೇಕು? ಕೇಸರಗಳು ಅಂಡಾಶಯವಾಗಬೇಕು, ಗುಬುಟುಗಳು ನಿಜಕ್ಕೂ ಎಸಳುಗಳ ಸ್ಥಾನದವಾಗಿದ್ದರೆ ಅವೂ ಬದಲಾಗಬೇಕು. 2000ದಲ್ಲಿ ಮುಸುಕಿನ ಜೋಳದ ಒಂದು ವಿಕೃತ ತಳಿಯಲ್ಲೂ, 2003ರಲ್ಲಿ ಭತ್ತದ ಒಂದು ವಿಕೃತ ತಳಿಯಲ್ಲೂ ಹೀಗೇ ಆದದ್ದು ವರದಿಯಾಯಿತು. ಭತ್ತದ ಆ ತಳಿಗೆ ವಿಜ್ಞಾನಿಗಳು ‘ಸೂಪರ್‌ವುಮನ್’ ಎಂದೇ ಹೆಸರಿಟ್ಟರು. ಅದರ ಕೇಸರಗಳೆಲ್ಲ ಹೆಣ್ಣು ಭಾಗಗಳಾಗಿದ್ದವು. ಬಾಗಿಲು ತೆರೆಯುವ ಗುಬುಟುಗಳು ಒಳಸಿಪ್ಪೆಯನ್ನು ಹೋಲುವ ರೂಪ ತಾಳಿದ್ದವು. ಮುಂದಿನ ವರ್ಷ ಇನ್ನೂ ಸೋಜಿಗದ ಪ್ರಯೋಗ ನಡೆಯಿತು. ಮುಸುಕಿನ ಜೋಳದ ಬಿ ವಂಶವಾಹಿಯನ್ನು ತೆಗೆದು, ಎಸಳು ಬಿಡಲಾರದ ಅರಾಬಿಡಾಪ್ಸಿಸ್ ಗಿಡಕ್ಕೆ ಸೇರಿಸಿದರು. ಆ ಗಿಡ ಮತ್ತೆ ಎಸಳು ಬಿಟ್ಟಿತು. ಜೋಳದಲ್ಲಿ ಗುಬುಟು ಮಾಡುವ ಸೂಚನೆಯೇ ಇಲ್ಲಿ ಬಿಳಿಯ ಎಸಳು ಮಾಡಿತು. ಬ್ರೌನನ ಊಹೆಯ ಮೊದಲ ಅರ್ಧ ಗೆದ್ದಿತು. ಒಳಸಿಪ್ಪೆಯ ಹುಟ್ಟಿನ ಬಗ್ಗೆ ಮಾತ್ರ ಚರ್ಚೆ ಪೂರ್ತಿ ಮುಗಿದಿಲ್ಲ.

ಎಸಳನ್ನು ಕಳೆದುಕೊಂಡದ್ದು ಹುಲ್ಲಿಗೆ ನಷ್ಟವಲ್ಲ. ಪರಾಗವನ್ನು ಗಾಳಿ ಹೊರುವುದಾದರೆ ದುಂಬಿಯನ್ನು ಕರೆಯುವ ಬಣ್ಣಕ್ಕೆ ಖರ್ಚು ಏಕೆ? ಎಸಳು ಗಾಳಿಗೆ ಅಡ್ಡವೇ ಹೊರತು ಅನುಕೂಲವಲ್ಲ. ಹಾಗಾಗಿ ಹಳೆಯ ಎಸಳಿಗೆ ಕೀಲಿನ ಕೆಲಸ ಬಂತು. ಇದ್ದದ್ದನ್ನು ಎಸೆಯದೆ ಬೇರೆ ಉಪಯೋಗಕ್ಕೆ ಹಚ್ಚುವುದು ವಿಕಾಸದ ಹಳೆಯ ರೀತಿ. ಹಳ್ಳಿಯ ಮನೆಯಲ್ಲಿ ಹಳೆಯ ಸೀರೆ ಕೌದಿಯಾಗುವಂತೆ.

ನೆಂಟರಿಷ್ಟರು

ಹುಲ್ಲಿನಂತೆ ಕಾಣುವುದೆಲ್ಲ ಹುಲ್ಲಲ್ಲ. ಹೊಲದಲ್ಲಿ ಕಿತ್ತಷ್ಟೂ ಚಿಗುರುವ ಕೊನ್ನಾರಿ ಗಡ್ಡೆಯ ದಂಟನ್ನು ಬೆರಳುಗಳ ನಡುವೆ ಹೊರಳಿಸಿದರೆ ಮೂರು ಅಂಚು ಕೈಗೆ ತಗಲುತ್ತದೆ. ಒಳಗೆ ಗಟ್ಟಿ, ಗಿಣ್ಣಿಲ್ಲ. ಭತ್ತ, ರಾಗಿ, ಬಿದಿರುಗಳ ದಂಟು ದುಂಡು, ಅಲ್ಲಲ್ಲಿ ಗಿಣ್ಣು, ಹಲವು ಹುಲ್ಲುಗಳಲ್ಲಿ ಗಿಣ್ಣುಗಳ ನಡುವೆ ಪೊಳ್ಳು. ಕೊನ್ನಾರಿಯದು ಹುಲ್ಲಿಗೆ ನೆರೆಯ ಕುಟುಂಬ. ಅದರಲ್ಲೂ ಐದು ಸಾವಿರಕ್ಕೂ ಹೆಚ್ಚು ಪ್ರಭೇದಗಳಿವೆ. ಕೆರೆಯಂಚಿನ ಜೊಂಡು ಇನ್ನೊಬ್ಬ ನೆಂಟ. ಅಚ್ಚರಿಯೆಂದರೆ ಅನಾನಸ್ ಗಿಡವೂ ಇದೇ ಬಳಗಕ್ಕೆ ಸೇರಿದ್ದು. ಇವೆಲ್ಲವನ್ನೂ ಒಳಗೊಂಡ ದೊಡ್ಡ ಗಣದಲ್ಲಿ ಎಸಳಿರುವವೂ ಇವೆ, ಇಲ್ಲದವೂ ಇವೆ. ಗಾಳಿಗೆ ಒಲಿದವು ಎಸಳನ್ನು ಬೇರೆ ಬೇರೆ ದಾರಿಗಳಲ್ಲಿ ಕಳೆದುಕೊಂಡಿವೆ.

ಹುಲ್ಲಿನ ಕುಟುಂಬದೊಳಗೇ ಎಲ್ಲಕ್ಕಿಂತ ಮೊದಲು ಕವಲೊಡೆದ ಕೆಲವು ಪ್ರಭೇದಗಳು ಇಂದಿಗೂ ಮಧ್ಯ ಮತ್ತು ದಕ್ಷಿಣ ಅಮೆರಿಕದ ಮಳೆಕಾಡುಗಳ ನೆರಳಿನಲ್ಲಿ ಉಳಿದಿವೆ. ಸ್ಟ್ರೆಪ್ಟೊಕೀಟ ಅವುಗಳಲ್ಲೊಂದು. ಅದರ ಹೂವಿನಲ್ಲಿ ಉಬ್ಬುವ ಗುಬುಟುಗಳಿಲ್ಲ. ಆ ಜಾಗದಲ್ಲಿ ಮೂರು ಉದ್ದನೆಯ ದಳಗಳಿವೆ. ಹುಲ್ಲು ಹುಟ್ಟಿದ್ದು ಬಯಲಿನಲ್ಲಲ್ಲ, ಕಾಡಿನ ನೆರಳಿನಲ್ಲಿ. ಬಯಲಿಗೆ ಇಳಿದದ್ದು ಆಮೇಲೆ ಎಂಬ ತಿಳಿವಳಿಕೆಗೆ ಇಂಥ ಗಿಡಗಳೂ ಆಧಾರ.

ಡೈನೊಸಾರ್ ಸಗಣಿಯ ಸಾಕ್ಷಿ

ಹುಲ್ಲಿನ ಪಳೆಯುಳಿಕೆ ಸಿಗುವುದು ಕಷ್ಟ. ಎಲೆ ಮೆದು, ಹೂ ಸಣ್ಣದು, ಪರಾಗ ಎಲ್ಲವೂ ಒಂದೇ ತರಹ. ಆದರೆ ಹುಲ್ಲಿನ ಗರಿ ಬೆರಳನ್ನು ಕೊಯ್ಯುವುದು ಎಲ್ಲರಿಗೂ ಗೊತ್ತು. ಬೇರು ಹೀರಿದ ಸಿಲಿಕಾ, ಅಂದರೆ ಮರಳಿನ ಅಂಶ, ಎಲೆಯ ಜೀವಕೋಶಗಳಲ್ಲಿ ಸೂಕ್ಷ್ಮ ಕಣಗಳಾಗಿ ಕೂರುತ್ತದೆ. ಎಲೆ ಕೊಳೆತರೂ ಕಣ ಕೊಳೆಯುವುದಿಲ್ಲ. ಪ್ರತಿ ಹುಲ್ಲಿನ ಗುಂಪಿಗೂ ಅದರದೇ ಆಕಾರದ ಕಣ.

ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ಪಿಸ್ದುರಾ ಎಂಬ ಊರಿನ ಬಳಿ ಡೈನೊಸಾರ್‌ಗಳ ಕಲ್ಲಾದ ಸಗಣಿ ಸಿಗುತ್ತದೆ. ಲಖನೌದ ಬೀರಬಲ್ ಸಾಹ್ನಿ ಸಂಸ್ಥೆಯ ವಂದನಾ ಪ್ರಸಾದ್, ಭೂವಿಜ್ಞಾನಿ ಅಶೋಕ್ ಸಾಹ್ನಿ, ಸ್ವೀಡನ್ನಿನ ಕ್ಯಾರೊಲಿನ್ ಸ್ಟ್ರೋಂಬರ್ಗ್ ಮತ್ತು ಸಂಗಡಿಗರು ಅದನ್ನು ಪರೀಕ್ಷಿಸಿದಾಗ ಹುಲ್ಲಿನ ಸಿಲಿಕಾ ಕಣಗಳು ಕಂಡವು. 2005ರಲ್ಲಿ ಇದು ಪ್ರಕಟವಾದಾಗ ಪಠ್ಯಪುಸ್ತಕಗಳು ತಿದ್ದುಪಡಿಯಾಗಬೇಕಾಯಿತು. ಅಲ್ಲಿಯವರೆಗೆ ಡೈನೊಸಾರ್‌ಗಳು ಹುಲ್ಲನ್ನು ಕಂಡೇ ಇರಲಿಲ್ಲ ಎಂಬುದು ಸಾಮಾನ್ಯ ನಂಬಿಕೆ. ಸುಮಾರು 6.6 ಕೋಟಿ ವರ್ಷಗಳಷ್ಟು ಹಿಂದೆ, ಭಾರತ ಇನ್ನೂ ಏಷ್ಯಕ್ಕೆ ತಾಗದೆ ಸಾಗರದಲ್ಲಿ ಉತ್ತರಕ್ಕೆ ತೇಲುತ್ತಿದ್ದ ಕಾಲದಲ್ಲಿ, ಇಲ್ಲಿ ಹುಲ್ಲಿತ್ತು. ಅದೂ ಒಂದಲ್ಲ, ಹಲವು ಬಗೆಯದು. 2011ರಲ್ಲಿ ಅದೇ ಕಾಲದ ಮಾದರಿಗಳಲ್ಲಿ ಭತ್ತದ ಬಳಗಕ್ಕೆ ಸೇರುವ ಕಣಗಳೂ ಗುರುತಾದವು. 2018ರಲ್ಲಿ ಚೀನದ ವಿಜ್ಞಾನಿಗಳು ಇನ್ನೂ ಹಳೆಯದಾದ, ಸುಮಾರು 10 ಕೋಟಿ ವರ್ಷ ಹಿಂದಿನ ಡೈನೊಸಾರ್ ಹಲ್ಲಿನ ಮೇಲೆ ಹುಲ್ಲಿನ ಕುರುಹನ್ನು ವರದಿ ಮಾಡಿದರು.

ಡೈನೊಸಾರ್‌ಗಳು ಹೋದವು, ಹುಲ್ಲು ಉಳಿಯಿತು. ಬಯಲಿಗಿಳಿದ ಹುಲ್ಲಿಗೆ ಮೇಯುವ ಪ್ರಾಣಿಗಳು ಜೊತೆಯಾದವು. ಬೇರೆ ಗಿಡದ ಕುಡಿ ಚಿವುಟಿದರೆ ಬೆಳವಣಿಗೆ ನಿಲ್ಲುತ್ತದೆ, ಪಕ್ಕದ ಮೊಗ್ಗು ಚಿಗುರಬೇಕು. ಹುಲ್ಲಿನ ಗರಿ ಬೆಳೆಯುವುದು ತುದಿಯಿಂದಲ್ಲ, ಬುಡದಿಂದ. ದನ ಮೇಯ್ದಷ್ಟೂ ಗರಿಕೆ ಮೇಲೇಳುವ ಗುಟ್ಟು ಇದು.

ಇಬ್ಬರು ದಾಯಾದಿಗಳು

ರಾಗಿ ಮತ್ತು ಭತ್ತದ ಮನೆ ಬೇರೆಯಾದದ್ದು ಕನಿಷ್ಠ ಐದು ಕೋಟಿ ವರ್ಷಗಳ ಹಿಂದೆ. ಪಿಸ್ದುರಾದ ಸಾಕ್ಷಿಯನ್ನು ಒಪ್ಪಿದರೆ ಅದಕ್ಕೂ ಹಿಂದೆ. ಭತ್ತದ ಕವಲಿನಲ್ಲಿ ಬಿದಿರು, ಗೋಧಿ, ಬಾರ್ಲಿ ಸೇರಿಕೊಂಡವು. ರಾಗಿಯ ಕವಲಿನಲ್ಲಿ ಜೋಳ, ಸಜ್ಜೆ, ನವಣೆ, ಕಬ್ಬು, ಗರಿಕೆ. ಕಾಲ ಕಳೆದಂತೆ ವಾತಾವರಣದಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆಯಾಯಿತು. ಆಗ ಎರಡನೆಯ ಕವಲಿನ ಹಲವು ಹುಲ್ಲುಗಳು ಒಂದು ಹೊಸ ಉಪಾಯ ಕಂಡುಕೊಂಡವು. ಎಲೆಯ ಹೊರಕೋಶಗಳಲ್ಲಿ ಅನಿಲವನ್ನು ಹಿಡಿದು, ಒಳಕೋಶಗಳಿಗೆ ಪಂಪು ಮಾಡಿ, ಅಲ್ಲಿ ಸಕ್ಕರೆ ತಯಾರಿಸುವ ವಿಧಾನ ಅದು. ಕಬ್ಬಿನಲ್ಲಿ ಇದರ ಹಾದಿಯನ್ನು 1966ರಲ್ಲಿ ಆಸ್ಟ್ರೇಲಿಯದಲ್ಲಿ ಹ್ಯಾಚ್ ಮತ್ತು ಸ್ಲ್ಯಾಕ್ ಬಿಡಿಸಿ ತೋರಿಸಿದರು. ಹುಲ್ಲಿನ ಕುಟುಂಬವೊಂದರಲ್ಲೇ ಈ ಉಪಾಯ ಇಪ್ಪತ್ತು ಬಾರಿಯಾದರೂ ಬೇರೆ ಬೇರೆಯಾಗಿ ಹುಟ್ಟಿಕೊಂಡಿದೆ. ಬಿಸಿಲಲ್ಲಿ, ಕಡಿಮೆ ನೀರಿನಲ್ಲಿ ಇದರ ಲಾಭ ಹೆಚ್ಚು. ರಾಗಿಗೆ ಈ ವಿದ್ಯೆ ಗೊತ್ತು, ಭತ್ತಕ್ಕೆ ಗೊತ್ತಿಲ್ಲ. ಬೆದ್ದಲಿನಲ್ಲಿ ಒಂದು, ನೀರು ನಿಂತ ಗದ್ದೆಯಲ್ಲಿ ಇನ್ನೊಂದು ನೆಲೆಯಾದದ್ದಕ್ಕೆ ಇರುವ ಕಾರಣಗಳಲ್ಲಿ ಇದೂ ಒಂದು.

ಇಷ್ಟು ಕಾಲ ಬೇರೆ ಇದ್ದರೂ ಎರಡರ ವಂಶವಾಹಿಗಳ ಸಾಲು ಮರೆತುಹೋಗಿಲ್ಲ. 1995ರಲ್ಲಿ ಇಂಗ್ಲೆಂಡಿನ ನಾರಿಚ್‌ನಲ್ಲಿ ಗ್ರಹಾಂ ಮೂರ್, ಮೈಕ್ ಗೇಲ್ ಮತ್ತು ಸಂಗಡಿಗರು ಧಾನ್ಯಗಳ ವರ್ಣತಂತುಗಳನ್ನು ಒಂದರ ಪಕ್ಕ ಒಂದಿಟ್ಟು ವೃತ್ತಾಕಾರದ ಚಿತ್ರವೊಂದನ್ನು ಬರೆದರು. ಭತ್ತ, ಗೋಧಿ, ಮುಸುಕಿನ ಜೋಳ, ಕಬ್ಬು ಮೊದಲಾದವುಗಳ ವಂಶವಾಹಿಗಳು ಉದ್ದುದ್ದ ತುಂಡುಗಳಲ್ಲಿ ಒಂದೇ ಕ್ರಮದಲ್ಲಿ ಸಾಲುಗಟ್ಟಿದ್ದವು. 2007ರಲ್ಲಿ ರಾಗಿಯ ಸರದಿ ಬಂತು. ಭತ್ತದ ಮೂಲ ವರ್ಣತಂತುಗಳು 12, ರಾಗಿಯವು 9. ಹೋಲಿಸಿದಾಗ ರಾಗಿಯ ಒಂಬತ್ತರಲ್ಲಿ ಆರು, ಭತ್ತದ ಒಂದೊಂದಕ್ಕೆ ನೇರವಾಗಿ ಸರಿಹೊಂದಿದವು. ಉಳಿದ ಮೂರರಲ್ಲಿ ಒಂದೊಂದರಲ್ಲೂ ಭತ್ತದ ಎರಡೆರಡು ವರ್ಣತಂತುಗಳು, ಒಂದರ ನಡುವೆ ಇನ್ನೊಂದು ತೂರಿಕೊಂಡ ಹಾಗೆ, ಕೂಡಿಕೊಂಡಿದ್ದವು. ಆರು ಮತ್ತು ಮೂರೆರಡಲ ಆರು, ಒಟ್ಟು ಹನ್ನೆರಡು. ಲೆಕ್ಕ ಸರಿಯಾಯಿತು. ಕುಲದ ಜಗಳಕ್ಕೆ ಇದಕ್ಕಿಂತ ಸ್ಪಷ್ಟವಾದ ಉತ್ತರ ಬೇಕಿಲ್ಲ.

ವಂಶವಾಹಿಗಳ ಕ್ರಮ ಒಂದೇ ಇದ್ದರೂ ಗಂಟಿನ ಗಾತ್ರ ಬೇರೆ ಬೇರೆ. 2005ರಲ್ಲಿ ಭಾರತವೂ ಸೇರಿದ ಅಂತಾರಾಷ್ಟ್ರೀಯ ಯೋಜನೆ ಪೂರ್ತಿಯಾಗಿ ಓದಿದ ಭತ್ತದ ಡಿಎನ್‌ಎಯಲ್ಲಿ ಸುಮಾರು 39 ಕೋಟಿ ಅಕ್ಷರಗಳಿವೆ. 2018ರಲ್ಲಿ ಓದಿದ ಗೋಧಿಯದು 1,600 ಕೋಟಿ ಮೀರುತ್ತದೆ. ಮನುಷ್ಯನದಕ್ಕಿಂತ ಐದು ಪಟ್ಟು. ಗೋಧಿಯಲ್ಲಿ ಮೂರು ಕಾಡುಹುಲ್ಲುಗಳ ಗಂಟು ಒಂದೇ ಚೀಲದಲ್ಲಿ ಸೇರಿದೆ. ರಾಗಿಯದೂ ಇಂಥದೇ ಕೂಡಿಕೆ. ತಲಾ 18 ವರ್ಣತಂತುಗಳ ಎರಡು ಹುಲ್ಲುಗಳು ಕೂಡಿ 36ರ ರಾಗಿ ಆಯಿತು. ಒಂದು ಮೂಲ ಹೊಲಗಳ ಬದಿಯಲ್ಲಿ ಇಂದಿಗೂ ಕಳೆಯಾಗಿ ಬೆಳೆಯುವ, ರಾಗಿಯನ್ನೇ ಹೋಲುವ ಹುಲ್ಲಿನ ಬಳಗದ್ದು. ರಾಗಿಯ ಡಿಎನ್‌ಎಯನ್ನು ಓದಿದ ಕೆಲಸ 2017ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಿಂದಲೇ ಪ್ರಕಟವಾಯಿತು. ಓದಿದ್ದು ಎಂಎಲ್–365 ಎಂಬ ತಳಿಯನ್ನು.

ಉದುರದ ಕಾಳು

ಕಾಡುಹುಲ್ಲಿನ ಕಾಳು ಮಾಗಿದ ಕೂಡಲೇ ಉದುರಬೇಕು. ಉದುರದಿದ್ದರೆ ಅದರ ಸಂತಾನ ಮುಂದುವರಿಯುವುದಿಲ್ಲ. ಮನುಷ್ಯನಿಗೆ ಬೇಕಾದದ್ದು ಅದಕ್ಕೆ ವಿರುದ್ಧ. ಕೊಯ್ಯುವವರೆಗೂ ತೆನೆಯಲ್ಲೇ ನಿಲ್ಲುವ ಕಾಳು ಅವನಿಗೆ ಬೇಕು. ಆದಿಯ ರೈತರು ಕೊಯ್ದು ಮನೆಗೆ ತಂದದ್ದು ಉದುರದೆ ಉಳಿದ ಕಾಳುಗಳನ್ನು. ಮರುವರ್ಷ ಬಿತ್ತಿದ್ದೂ ಅವನ್ನೇ. ಹೀಗೆ ಯಾರೂ ಯೋಜನೆ ಹಾಕದೆ ಆಯ್ಕೆ ನಡೆಯಿತು. ಭತ್ತದಲ್ಲಿ ಈ ಬದಲಾವಣೆಗೆ ಕಾರಣವಾದ ಎರಡು ವಂಶವಾಹಿಗಳನ್ನು 2006ರಲ್ಲಿ ಜಪಾನ್ ಮತ್ತು ಅಮೆರಿಕದ ತಂಡಗಳು ಬೇರೆ ಬೇರೆಯಾಗಿ ಗುರುತಿಸಿದವು. ಎರಡರಲ್ಲೂ ಮುಖ್ಯ ವ್ಯತ್ಯಾಸ ಒಂದೇ ಒಂದು ಅಕ್ಷರದ್ದು. ಕೋಟಿಗಟ್ಟಲೆ ಅಕ್ಷರಗಳ ಗ್ರಂಥದಲ್ಲಿ ಇಂಥ ಸಣ್ಣ ಕಾಗುಣಿತದ ತಪ್ಪುಗಳು ನಾಗರಿಕತೆಗೆ ಅನ್ನ ಕೊಟ್ಟವು.

ಕನಕದಾಸರ ಕಾವ್ಯದ ರಾಗಿ ಈ ನೆಲದ ಮಗನಂತೆ ಮಾತನಾಡುತ್ತದೆ. ಆದರೆ ರಾಗಿಯ ತವರು ಪೂರ್ವ ಆಫ್ರಿಕದ ಎತ್ತರದ ಪ್ರದೇಶ. ಅಲ್ಲಿ ಕಾಳು ಉದುರಿಸುವ ಕಾಡುರಾಗಿ ಇಂದಿಗೂ ಇದೆ. ಸಾಗರ ದಾಟಿ ಇಲ್ಲಿಗೆ ಯಾವಾಗ ಬಂತೆಂಬುದರಲ್ಲಿ ಪುರಾತತ್ತ್ವಜ್ಞರಿಗೆ ಒಮ್ಮತವಿಲ್ಲ. ಬಂದದ್ದು ಎಷ್ಟು ಹಿಂದೆಂದರೆ, ಹೊರಗಿನದೆಂಬ ನೆನಪೇ ಅಳಿಸಿಹೋಗುವಷ್ಟು. ಇಂದು ದೇಶದ ರಾಗಿಯಲ್ಲಿ ಅರ್ಧಕ್ಕೂ ಹೆಚ್ಚನ್ನು ಬೆಳೆಯುವುದು ಕರ್ನಾಟಕ.

ತವರಿನ ನೆಂಟಸ್ತನವನ್ನು ಮತ್ತೆ ಬೆಸೆದವರು ಮಂಡ್ಯದ ವಿ.ಸಿ. ಫಾರಂನಲ್ಲಿ ದುಡಿದ ತಳಿವಿಜ್ಞಾನಿ ಲಕ್ಷ್ಮಣಯ್ಯ. ಜನ ಅವರನ್ನು ‘ರಾಗಿ ಲಕ್ಷ್ಮಣಯ್ಯ’ ಎಂದೇ ಕರೆದರು. ರಾಗಿಯಲ್ಲಿ ಸಂಕರ ಮಾಡುವುದು ಎಷ್ಟು ಕಷ್ಟವೆಂಬುದನ್ನು ಅದರ ಹೂವೇ ಹೇಳುತ್ತದೆ. ಸಾಸಿವೆಗಿಂತ ಸಣ್ಣ ಕಾಳು ಕೊಡುವ ಹೂವು, ಅರಳುವುದು ರಾತ್ರಿ, ತನ್ನ ಪರಾಗವನ್ನು ತಾನೇ ಪಡೆದುಕೊಳ್ಳುತ್ತದೆ. ಅದರ ಕೇಸರಗಳನ್ನು ಇಕ್ಕಳದಿಂದ ಕಿತ್ತು, ಬೇರೆ ಗಿಡದ ಪರಾಗ ಹಾಕುವುದು ಕಣ್ಣಿಗೂ ಕೈಗೂ ಮೀರಿದ ಕೆಲಸ. ಇದಕ್ಕೆ 1930ರ ದಶಕದಲ್ಲಿ ಕೊಯಮತ್ತೂರಿನಲ್ಲಿ ಒಂದು ಸರಳ ಉಪಾಯ ರೂಪುಗೊಂಡಿತ್ತು. ಹೂ ಅರಳುವ ಮೊದಲು ಎರಡು ತಳಿಗಳ ತೆನೆಗಳನ್ನು ಒಂದಕ್ಕೊಂದು ತಾಗುವಂತೆ ಕಟ್ಟಿಬಿಡುವುದು. ನೂರಾರು ಹೂಗಳಲ್ಲಿ ಎಲ್ಲೋ ಕೆಲವು ಅಡ್ಡಪರಾಗ ಪಡೆಯುತ್ತವೆ. ಅವನ್ನು ಗುರುತಿಸುವುದು ಹೇಗೆ? ತಾಯಿ ಹಸಿರು ಗಿಡ, ತಂದೆ ನೇರಳೆ ಛಾಯೆಯ ಗಿಡವಾಗಿದ್ದರೆ, ಬಿತ್ತಿದಾಗ ನೇರಳೆ ಛಾಯೆ ತೋರುವ ಸಸಿಗಳೇ ಸಂಕರದವು. ನೇರಳೆ ಹಸಿರಿನ ಮೇಲೆ ಪ್ರಬಲ ಎಂಬ ಮೆಂಡೆಲನ ಪಾಠ ಇಲ್ಲಿ ಹೊಲದ ಕೆಲಸಕ್ಕೆ ಬಂತು.

ಲಕ್ಷ್ಮಣಯ್ಯನವರು ಮೊದಲು ದೇಶೀ ತಳಿಗಳನ್ನೇ ಕೂಡಿಸಿ ಅರುಣ, ಉದಯ, ಪೂರ್ಣ, ಅನ್ನಪೂರ್ಣ, ಕಾವೇರಿ, ಶಕ್ತಿ ಎಂಬ ತಳಿಗಳನ್ನು ಕೊಟ್ಟರು. ಆಮೇಲೆ ದಪ್ಪ ತೆನೆಯ ಆಫ್ರಿಕದ ರಾಗಿಯನ್ನು ಇಲ್ಲಿಯದರ ಜೊತೆ ಸೇರಿಸಿದರು. ಇಂಡಿಯ ಮತ್ತು ಆಫ್ರಿಕದ ಹೆಸರುಗಳು ಕೂಡಿ ‘ಇಂಡಾಫ್’ ಆಯಿತು. ಬೆಂಕಿ ರೋಗ ತಡೆಯುವ ಜಿಪಿಯು–28 ತಳಿ 1990ರ ದಶಕದ ಕೊನೆಯಲ್ಲಿ ಹೊಲಗಳಿಗೆ ಬಂತು. ಅದರ ವಂಶವೃಕ್ಷದಲ್ಲೂ ಇಂಡಾಫ್ ಇದೆ. ಸಾವಿರಾರು ವರ್ಷ ಬೇರೆಯಾಗಿದ್ದ ಎರಡು ರಾಗಿಗಳು ಮಂಡ್ಯದ ಪ್ರಯೋಗ ತಾಕುಗಳಲ್ಲಿ ಕೂಡಿದ್ದು ಸಾಮಾನ್ಯ ಸಂಗತಿಯಲ್ಲ.

ಹೂ ತಪ್ಪಿದರೆ

ಹುಲ್ಲಿನ ಹೂವು ಹೊತ್ತು ತಪ್ಪಿದರೂ, ಒಟ್ಟಿಗೇ ಬಂದರೂ ಮನುಷ್ಯನಿಗೆ ತೊಂದರೆಯೇ. ಬಿದಿರು ಹೂ ಬಿಟ್ಟರೆ ಬರಗಾಲ ಎಂಬ ಮಾತನ್ನು ಹಳ್ಳಿಗರು ಬಲ್ಲರು. ಮಿಜೋರಂ ಬೆಟ್ಟಗಳ ಬಿದಿರು ಸುಮಾರು 48 ವರ್ಷಕ್ಕೊಮ್ಮೆ ಒಟ್ಟಿಗೇ ಹೂ ಬಿಡುತ್ತದೆ. 1959ರಲ್ಲಿ ಹಾಗಾದಾಗ ಕಾಯಿ ತಿಂದು ಬೆಳೆದ ಇಲಿಗಳ ಹಿಂಡು ಹೊಲಗಳಿಗೆ ನುಗ್ಗಿ ಕ್ಷಾಮ ಬಂತು. ಕ್ಷಾಮ ಪರಿಹಾರಕ್ಕಾಗಿ ಹುಟ್ಟಿದ ಸಂಘಟನೆ ಮುಂದೆ ರಾಜಕೀಯ ಪಕ್ಷವಾಗಿ, 1966ರಲ್ಲಿ ಬಂಡಾಯಕ್ಕಿಳಿಯಿತು. ಶಾಂತಿ ಬರಲು ಇಪ್ಪತ್ತು ವರ್ಷ ಬೇಕಾಯಿತು. ಮುಂದಿನ ಹೂ 2007ರ ಸುಮಾರಿಗೆ ಬಂದಾಗ ಸರ್ಕಾರ ಮೊದಲೇ ಎಚ್ಚೆತ್ತಿತ್ತು.

ಭತ್ತದ ಮುಂದಿರುವ ಅಪಾಯ ಬೇರೆ. ಅದರ ಹೂ ತೆರೆದಿರುವ ಆ ಒಂದು ಗಂಟೆಯಲ್ಲಿ ಬಿಸಿ 35 ಡಿಗ್ರಿ ಸೆಲ್ಸಿಯಸ್ ದಾಟಿದರೆ ಪರಾಗಕೋಶ ಸರಿಯಾಗಿ ಬಿರಿಯುವುದಿಲ್ಲ, ಬಿರಿದರೂ ಪರಾಗ ಮೊಳೆಯದೆ ಹೋಗಬಹುದು. ಗಿಡ ಹಸಿರಾಗಿಯೇ ಇರುತ್ತದೆ, ತೆನೆಯೂ ಬರುತ್ತದೆ. ಕೈಯಲ್ಲಿ ಹಿಡಿದರೆ ಜೊಳ್ಳು. ಭೂಮಿ ಬಿಸಿಯಾಗುತ್ತಿರುವ ಕಾಲದಲ್ಲಿ ಇದು ಸಣ್ಣ ಮಾತಲ್ಲ. ಇದಕ್ಕೆ ಪರಿಹಾರವನ್ನು ವಿಜ್ಞಾನಿಗಳು ಹುಡುಕಿದ್ದು ಕಾಡುಭತ್ತದಲ್ಲಿ. ಒರೈಜಾ ಅಫಿಸಿನಾಲಿಸ್ ಎಂಬ ಕಾಡುಭತ್ತ ಬೆಳಗಿನ ತಂಪಿನಲ್ಲೇ ಹೂ ತೆರೆಯುತ್ತದೆ. ಅದರ ವರ್ಣತಂತುವಿನ ಒಂದು ತುಂಡನ್ನು ಸಂಕರದ ಮೂಲಕ ಐಆರ್–64ರಂಥ ಜನಪ್ರಿಯ ತಳಿಗೆ ತಂದಾಗ ಹೂ ಅರಳುವ ಹೊತ್ತು ಒಂದೆರಡು ಗಂಟೆ ಹಿಂದಕ್ಕೆ ಸರಿಯಿತು. ಬಿಸಿಲು ಏರುವುದರೊಳಗೆ ಕೆಲಸ ಮುಗಿಸುವ ಭತ್ತ ಇದು.

ರಾಗಿಗೆ ಈ ಪಾಠ ಮೊದಲೇ ಗೊತ್ತು. ಅದು ಹಗಲಿಗೆ ಕಾಯುವುದೇ ಇಲ್ಲ.

ರಾಮ ಒಡ್ಡಿದ ಸೆರೆಯ ಪರೀಕ್ಷೆಯಲ್ಲಿ ರಾಗಿ ಗೆದ್ದದ್ದು ಕವಿಯ ಕಲ್ಪನೆ ಮಾತ್ರವಲ್ಲ. ಕಾಳು ಸಣ್ಣದು, ಗಟ್ಟಿ. ಹುಳ ಹಿಡಿಯುವುದು ಕಡಿಮೆ. ನೆಲದೊಳಗಿನ ಹಗೇವಿನಲ್ಲಿ ವರ್ಷಗಟ್ಟಲೆ ಉಳಿಸಿದ ರಾಗಿ ಬರಗಾಲದಲ್ಲಿ ಊರುಗಳನ್ನು ಕಾಪಾಡಿದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದ್ದರೆ ಅಕ್ಕಿಯಲ್ಲಿರುವುದು ಹತ್ತರ ಆಸುಪಾಸು. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿದಾಗ ನಗರಗಳೂ ಇದನ್ನು ಒಪ್ಪಿಕೊಂಡವು. ಆದರೂ ಭತ್ತವನ್ನು ಬಿಟ್ಟು ಬದುಕುವಂತಿಲ್ಲ. ಒಂದು ಧಾನ್ಯದ ಕೊರತೆಗೆ ಮದ್ದು ಅದರ ದಾಯಾದಿಯ ಬಳಿ ಇರುತ್ತದೆ ಎಂಬುದನ್ನು ಬೆಳಗಿನ ಹೂವಿನ ಭತ್ತವೂ ಇಂಡಾಫ್ ರಾಗಿಯೂ ತೋರಿಸಿವೆ. ಕಾಡುಭತ್ತ, ಕಾಡುರಾಗಿ, ರೈತರು ಬಿತ್ತುವುದನ್ನು ಬಿಟ್ಟುಬಿಟ್ಟ ಹಳೆಯ ತಳಿಗಳು ಅಳಿದುಹೋದರೆ ಆ ಮದ್ದೂ ಹೋಗುತ್ತದೆ. ಸೆರೆಯಿಂದ ಹೊರಬಂದ ಎರಡು ಧಾನ್ಯಗಳಲ್ಲಿ ಯಾವುದು ಹೆಚ್ಚೆಂದು ರಾಮ ಹೇಳಿದ. ಎರಡೂ ಒಂದೇ ಮನೆಯವು, ಎರಡಕ್ಕೂ ಮನೆಯ ಉಳಿದವರ ನೆರವು ಬೇಕು ಎಂಬುದನ್ನು ಅವುಗಳ ಹೂಗಳೇ ಹೇಳುತ್ತಿವೆ.